ಅಪ್ಪಯ್ಯನ ಐದು ಹೆಜ್ಜೆ: ಫೋಟೋ ಹುಚ್ಚು ನಿಮಗೆ ಹತ್ತಿದ್ದು ಮನೆಯಿಂದಲೇ?

ತೀರ್ಥಹಳ್ಳಿಯವ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಮೊನ್ನೆ ತಂಗಿಯ ಮಗನ ಉಪನಯನದಲ್ಲಿ ಫೋಟೋ ತೆಗೆಯುತ್ತಿದ್ದೆ. ಎದುರಿಗೆ ನಾಲ್ಕು ಜನ ನಿಂತಿದ್ದರು. ನಾನು ಅವರ ಹತ್ತಿರದವರೆಗೂ ಹೋಗಿ, ಅಲ್ಲಿಂದ ಐದು ಹೆಜ್ಜೆ ಹಿಂದೆ ಬಂದೆ. ಆಮೇಲೆ ಬಿಸಿಲು ಯಾವ ಕಡೆಯಿಂದ ಬರುತ್ತಿದೆ ಅಂತ ನೋಡಿಕೊಂಡೆ. ಪಕ್ಕದಲ್ಲಿದ್ದ ಭಾವ ಕೇಳಿದರು, "ಅದೆಂತಕ್ಕೆ ಹೋಗಿ ಹೋಗಿ ವಾಪಸ್ ಬರ್ತೀಯ?"

ಏನು ಹೇಳಬೇಕು ಅಂತ ತಿಳಿಯಲಿಲ್ಲ. ನನ್ನ ಕೈಯಲ್ಲಿದ್ದ ಕ್ಯಾಮೆರಾ ದೂರವನ್ನು ತಾನೇ ಅಳೆದುಕೊಳ್ಳುತ್ತದೆ. ಅದಕ್ಕೆ ಹೆಜ್ಜೆ ಲೆಕ್ಕ ಬೇಕಿಲ್ಲ. ರಾತ್ರಿ ಮಲಗಿದ ಮೇಲೆ ಹೊಳೆಯಿತು. ಅವು ಅಪ್ಪಯ್ಯನ ಹೆಜ್ಜೆಗಳು.

ನಮ್ಮ ಮನೆಯಲ್ಲಿ ಒಂದು ಆಗ್ಫಾ ಕ್ಲಿಕ್-3 ಇತ್ತು. ಬರೋಡಾದಲ್ಲಿ ನ್ಯೂ ಇಂಡಿಯಾ ಇಂಡಸ್ಟ್ರೀಸ್‌ನವರು ತಯಾರಿಸುತ್ತಿದ್ದರು. ನಮ್ಮ ದೇಶದ ಎಷ್ಟೋ ಮನೆಗಳಿಗೆ ಮೊದಲ ಕ್ಯಾಮೆರಾ ಅದೇ. ಫೋಕಸ್ ತಿರುಗಿಸುವುದು ಅದರಲ್ಲಿ ಇರಲಿಲ್ಲ. ಸುಮಾರು ಮೂರು ಮೀಟರ್ ಆಚೆ ಇದ್ದದ್ದೆಲ್ಲ ಸ್ಪಷ್ಟ, ಅದಕ್ಕಿಂತ ಹತ್ತಿರ ಬಂದರೆ ಮಂಜು ಮಂಜು. ಅದಕ್ಕೇ ಅಪ್ಪಯ್ಯ ಐದು ಹೆಜ್ಜೆ ಹಿಂದಕ್ಕೆ ಬರುತ್ತಿದ್ದರು. ಇನ್ನು ಬೆಳಕಿಗೆ ಅಂತ ಒಂದು ಸಣ್ಣ ಕಡ್ಡಿ. ಮೋಡ ಇದ್ದರೆ ಒಂದು ಕಡೆ, ಬಿಸಿಲಿದ್ದರೆ ಇನ್ನೊಂದು ಕಡೆ. ಮಿಕ್ಕದ್ದೆಲ್ಲ ನಮ್ಮ ಕಣ್ಣಿಗೆ ಬಿಟ್ಟಿದ್ದು. "ಬಿಸಿಲು ಬೆನ್ನಿಗಿರಲಿ, ಅವರ ಮುಖದ ಮೇಲೆ ಬೀಳಲಿ" ಅನ್ನುತ್ತಿದ್ದರು.

120 ಅಂತ ಕರೆಯುವ ಅಗಲ ಫಿಲ್ಮಿನ ರೋಲಿಗೆ ಹನ್ನೆರಡು ಫೋಟೋ. ನಮ್ಮ ಮನೆಗೆ ವರ್ಷಕ್ಕೆ ಒಂದೋ ಎರಡೋ ರೋಲು, ಅಷ್ಟೇ. ಅಡಿಕೆ ಮಾರಾಟವಾದ ಮೇಲೆ ಅಪ್ಪಯ್ಯ ಶಿವಮೊಗ್ಗದಿಂದ ತರುತ್ತಿದ್ದರು. ಒಂದೊಂದು ಸಲ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ "ಇಂದು" ರೋಲು ಸಿಗುತ್ತಿತ್ತು. ಹನ್ನೆರಡರಲ್ಲಿ ಯಾವುದು ಯಾರಿಗೆ ಅಂತ ಮನೆಯಲ್ಲಿ ಮಾತುಕತೆ ನಡೆಯುತ್ತಿತ್ತು. ಅಜ್ಜಿಗೆ ಒಂದು, ಹೊಸ ಕರುವಿಗೆ ಒಂದು, ದೀಪಾವಳಿಗೆ ಎರಡು ಉಳಿಸಬೇಕು, ಹೀಗೆ. ತೆಗೆದದ್ದನ್ನೆಲ್ಲ ಅಪ್ಪಯ್ಯ ಒಂದು ಉದ್ದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಕೊನೆಗೆ ಒದ್ದೆ ಬಟ್ಟೆಯಿಂದ ಕೈ ಒರೆಸಿಕೊಂಡು, ಜಗಲಿಯ ಕತ್ತಲೆ ಮೂಲೆಯಲ್ಲಿ ಕೂತು ರೋಲು ಬಿಚ್ಚುತ್ತಿದ್ದರು. ಅದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪೇಟೆಗೆ ಹೋಗುತ್ತಿತ್ತು. ತೊಳೆದು ಬರಲು ಎರಡು ವಾರ. ಆ ಎರಡು ವಾರ ದಿನಾ ಸಂಜೆ ನಾನು ರಸ್ತೆ ಬದಿಯಲ್ಲಿ ಬಸ್ಸು ಕಾಯುತ್ತಿದ್ದೆ.

ಒಂಬತ್ತನೇ ವಯಸ್ಸಿಗೆ ಮೊದಲ ಸಲ ಕ್ಯಾಮೆರಾ ನನ್ನ ಕೈಗೆ ಬಂತು. ಹನ್ನೆರಡರಲ್ಲಿ ಒಂದು ನನ್ನದು. ಅಂಗಳದಲ್ಲಿ ಹರಡಿದ್ದ ಅಡಿಕೆಯನ್ನು ತೆಗೆದೆ. ರೋಲು ಸುತ್ತುವುದನ್ನು ಮರೆತೆ. ಆ ಕ್ಯಾಮೆರಾ ತಡೆಯುವುದೂ ಇಲ್ಲ, ಎಚ್ಚರಿಸುವುದೂ ಇಲ್ಲ. ಹಿಂದಿನ ಕೆಂಪು ಕಿಂಡಿಯಲ್ಲಿ ಅಂಕಿ ನೋಡಿ ನಾವೇ ಸುತ್ತಬೇಕು. ಅಪ್ಪಯ್ಯ ಅದರ ಮೇಲೇ ಅಜ್ಜಿಯ ಫೋಟೋ ತೆಗೆದುಬಿಟ್ಟರು. ಎರಡು ವಾರದ ಮೇಲೆ ಬಂದದ್ದು ಅಜ್ಜಿಯ ಮುಖದ ತುಂಬ ಅಡಿಕೆ. ಬೈಗುಳ ಬೀಳುತ್ತದೆ ಅಂತ ಅಡುಗೆಮನೆಗೆ ಓಡಿದ್ದೆ. ಅಪ್ಪಯ್ಯ ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ "ಇದು ಅಜ್ಜಿಯೇ ಹೌದು" ಅಂದರು. ಆ ಅಜ್ಜಿ ಜೀವಮಾನವಿಡೀ ಅಡಿಕೆ ಸುಲಿದವರು.

ಅವತ್ತು ಬೈದಿದ್ದರೆ ಬಹುಶಃ ನಾನು ಮತ್ತೆ ಕ್ಯಾಮೆರಾ ಮುಟ್ಟುತ್ತಿರಲಿಲ್ಲ. ಐವತ್ತು ವರ್ಷವಾಗುತ್ತ ಬಂತು, ಕೈ ಬಿಟ್ಟಿಲ್ಲ.

ನಿಮಗೆ ಈ ಪ್ರೀತಿ ಎಲ್ಲಿಂದ ಬಂತು? ಕೊಟ್ಟವರು ಯಾರು? ಪೂರ್ತಿ ಬರೆಯಿರಿ, ಉದ್ದ ಆದರೂ ಓದುತ್ತೇನೆ.

ಹುಬ್ಬಳ್ಳಿ ಸ್ಟುಡಿಯೋ ಮಗಳು

ಓದಿ ಕಣ್ಣು ತುಂಬಿತು ಸರ್. ನನ್ನದು ಬೇರೆ ಥರದ ಕಥೆ. ಅಪ್ಪಾ ಅವರದ್ದು ಸ್ಟುಡಿಯೋ ಇತ್ತು. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ, ಹಿಂದೆ ನಾವು. ನಡುವೆ ಡಾರ್ಕ್ ರೂಮ್. ಫೋಟೋ ತೊಳೆಯುವ ರಾಸಾಯನಿಕ ಹೈಪೋದ ವಾಸನೆ ನನಗೆ ಇವತ್ತಿಗೂ ಅಪ್ಪಾ ಅವರ ವಾಸನೆ.

ಕ್ಯಾಮೆರಾ ಕಲಿಸಿದ್ದು ಅಣ್ಣನಿಗೆ. ಹೆಣ್ಣುಮಕ್ಕಳು ಮದುವೆ ಮನೆಗೆ ಕ್ಯಾಮೆರಾ ಹಿಡಿದುಕೊಂಡು ಹೋಗುವುದು ಅಂದರೆ ಆಗ ಯಾರೂ ಒಪ್ಪುತ್ತಿರಲಿಲ್ಲ. ನನಗೆ ಬಂದದ್ದು ಕತ್ತರಿಸುವ ಕೆಲಸ. ಪಾಸ್‌ಪೋರ್ಟ್ ಸೈಜ್ ಫೋಟೋಗಳನ್ನು ಕಟ್ಟರ್‌ನಲ್ಲಿ ಕತ್ತರಿಸಿ, ಎಂಟೆಂಟು ಎಣಿಸಿ, ಸಣ್ಣ ಲಕೋಟೆಗೆ ಹಾಕಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆ ಅರ್ಜಿ ತುಂಬುವ ಹೊತ್ತಿಗೆ ದಿನಕ್ಕೆ ನೂರಾರು ಮುಖ. ನಾಲ್ಕನೇ ಕ್ಲಾಸಿನಿಂದ ಕಾಲೇಜಿನವರೆಗೂ ಅದೇ ಕೆಲಸ ಮಾಡಿದೆ.

ಮುಖ ನೋಡುವುದನ್ನು ನಾನು ಕಲಿತದ್ದು ಆ ಕಟ್ಟರ್ ಮುಂದೆ. ಅತ್ತು ಬಂದು ಕೂತವರ ಕಣ್ಣಿನ ಕೆಳಗಿನ ರೆಪ್ಪೆ ಬೇರೆ ಥರ ಇರುತ್ತದೆ. ಸ್ಟೂಲಿನ ಮೇಲೆ ಕೂತಾಗ ಗದ್ದ ಜಾಸ್ತಿ ಎತ್ತಿದವರು ಹೆದರಿದವರು. ಅಪ್ಪಾ ಅವರು ಹೆದರಿದವರನ್ನು ಮಾತಾಡಿಸುತ್ತಿರಲಿಲ್ಲ. ಸುಮ್ನೆ ದೀಪದ ಸ್ಟ್ಯಾಂಡ್ ಆಕಡೆ ಈಕಡೆ ಸರಿಸುತ್ತ ಕೆಲಸ ಇದ್ದವರ ಹಾಗೆ ಓಡಾಡುತ್ತಿದ್ದರು. ಎರಡು ನಿಮಿಷಕ್ಕೆ ಎದುರಿನವರ ಹೆಗಲು ತಾನೇ ಇಳಿಯುತ್ತಿತ್ತು. ಆಗ ಬಟನ್ ಒತ್ತುತ್ತಿದ್ದರು. ಇದನ್ನು ಅವರು ಯಾರಿಗೂ ಪಾಠ ಮಾಡಿ ಹೇಳಲಿಲ್ಲ. ಪರದೆ ಸಂದಿಯಿಂದ ನೋಡಿ ನಾನು ಕಲಿತೆ.

ಗಂಡಿನ ಮನೆಗೆ ಕಳಿಸುವ ಫೋಟೋ ತೆಗೆಸಲು ಬಂದ ಹುಡುಗಿಯರನ್ನು ಮಾತ್ರ ನನ್ನ ಹತ್ತಿರ ಬಿಡುತ್ತಿದ್ದರು. ತಲೆ ಬಾಚಿ, ಹೂವು ಸರಿಮಾಡಿ, ಸೆರಗು ಜೋಡಿಸಿ ಕಳಿಸಬೇಕು. ಹಾಗೆ ಜೋಡಿಸುತ್ತ ಜೋಡಿಸುತ್ತ ಒಂದು ದಿನ ಅಪ್ಪಾ ಅವರು "ನೀನೇ ಒತ್ತವಾ" ಅಂದರು. ಅಂಥ ಫೋಟೋಗಳನ್ನು ಎಷ್ಟೋ ವರ್ಷ ನಾನೇ ತೆಗೆದೆ. ಹಿಂದೆ ಸ್ಟುಡಿಯೋ ಮುದ್ರೆ, ಹೆಸರು ಅಣ್ಣನದು. ಆಗ ಬಹಳ ನೋವಾಗಿತ್ತು. ಈಗ ನನ್ನದೇ ಸ್ಟುಡಿಯೋ ಇದೆ, ಮುದ್ರೆ ನನ್ನ ಹೆಸರಿನದು.

ಮೈಸೂರಿನ ಓದುಗ

ಮೇಡಂ, ನಿಮ್ಮ ಮಾತು ಓದಿದಾಗ ಹೋಮೈ ವ್ಯಾರಾವಾಲಾ ನೆನಪಾದರು. 1913ರಲ್ಲಿ ನವಸಾರಿಯಲ್ಲಿ ಹುಟ್ಟಿದವರು, ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ತಂದೆ ಊರೂರು ತಿರುಗುವ ಪಾರ್ಸಿ ನಾಟಕ ಮಂಡಳಿಯಲ್ಲಿ ನಟರು. ಕ್ಯಾಮೆರಾ ಕಲಿಸಿದ್ದು ಗೆಳೆಯ ಮಾಣೇಕ್‌ಶಾ, ಆಮೇಲೆ ಅವರೇ ಗಂಡ. ಶುರುವಿನಲ್ಲಿ ಹೋಮೈ ತೆಗೆದ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ. 2011ರಲ್ಲಿ ಪದ್ಮವಿಭೂಷಣ ಬಂದಾಗ ಅವರಿಗೆ ತೊಂಬತ್ತೇಳು ವರ್ಷ. ನಾಟಕದ ಮನೆಯಲ್ಲಿ ಬೆಳೆದವರಿಗೆ ವೇದಿಕೆ ಮೇಲಿನ ದೊಡ್ಡ ಮನುಷ್ಯರು ಯಾವಾಗ ಮುಖವಾಡ ಇಳಿಸುತ್ತಾರೆ ಅಂತ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಹೋಮೈ ತೆಗೆದ ನೆಹರೂ ಅವರ ಚಿತ್ರಗಳನ್ನು ನೋಡಿ, ನಿಮಗೂ ಹಾಗೇ ಅನ್ನಿಸಬಹುದು.

ಅಣ್ಣನ ಮಾತು ಬಂತಲ್ಲ, ಹೆಸರಾಂತ ಛಾಯಾಗ್ರಾಹಕ ರಘು ರಾಯ್ ಅವರದ್ದೂ ಅಣ್ಣನ ಕಥೆಯೇ. ಓದಿದ್ದು ಸಿವಿಲ್ ಇಂಜಿನಿಯರಿಂಗ್. ಅಣ್ಣ ಎಸ್. ಪಾಲ್ ಆಗಲೇ ಹೆಸರಾದ ಛಾಯಾಗ್ರಾಹಕ. ಅಣ್ಣನ ಮನೆಯಲ್ಲಿದ್ದಾಗ ಒಂದು ಹಳ್ಳಿಗೆ ಹೋಗಿ ಕತ್ತೆಮರಿಯೊಂದರ ಚಿತ್ರ ತೆಗೆದರು. ಅದನ್ನು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಕಳಿಸಿದ್ದು ಅಣ್ಣ. ಅದು ಅಚ್ಚಾಯಿತು. ಆಮೇಲಿನದ್ದು ಎಲ್ಲರಿಗೂ ಗೊತ್ತು. ಕ್ಯಾಮೆರಾ ಕೊಡುವುದು ಒಂದು, "ಇದನ್ನು ಹೊರಗಿನವರು ನೋಡಬೇಕು" ಅಂತ ಲಕೋಟೆಗೆ ಅಂಚೆಚೀಟಿ ಹಚ್ಚುವುದು ಇನ್ನೊಂದು. ಎರಡನೆಯದು ಮಾಡುವವರು ಮನೆಯಲ್ಲಿ ಒಬ್ಬರಿದ್ದರೆ ದೊಡ್ಡ ಪುಣ್ಯ.

ರಾಯಚೂರಿನ ಟೀಚರ್

ಎಲ್ಲರದ್ದೂ ಓದಿದೆ. ನನಗೆ ಒಂದು ಮಾತು ಹೇಳಬೇಕಿದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮನೆಯಲ್ಲಿ ಕ್ಯಾಮೆರಾ ಇರಲಿಲ್ಲ. ನಮ್ಮ ಓಣಿಯಲ್ಲೇ ಇರಲಿಲ್ಲ. ಅಪ್ಪ, ಅವ್ವ ಇಬ್ಬರೂ ಕೂಲಿ. ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಳ್ಳುವ ದುಡ್ಡಿಗೆ ಮನೆಗೆ ಒಂದು ವಾರದ ಜೋಳ ಬರುತ್ತಿತ್ತು. 1998ರಲ್ಲಿ ಅವ್ವ ತೀರಿಕೊಂಡಳು. ನನಗೆ ಹದಿನಾರು. ದಿನಕ್ಕೆ ಇಡಲು ಫೋಟೋ ಬೇಕು ಅಂದರು. ಮನೆಯೆಲ್ಲ ಹುಡುಕಿದರೆ ಸಿಕ್ಕಿದ್ದು ಮತದಾರರ ಗುರುತಿನ ಚೀಟಿ ಮಾತ್ರ. ಅದರ ಮೇಲಿನ ಫೋಟೋ ನಿಮಗೆ ಗೊತ್ತಲ್ಲ, ಉಗುರಿನಷ್ಟು. ಅದನ್ನೇ ಪೇಟೆಯಲ್ಲಿ ದೊಡ್ಡದು ಮಾಡಿಸಿದರು. ಕಣ್ಣು ಎರಡು ಮಸಿ ಚುಕ್ಕೆ ಆಗಿದ್ದವು. ಸ್ಟುಡಿಯೋದವರು ಚೆನ್ನಾಗಿ ಕಾಣಲಿ ಅಂತ ನೀಲಿ ರೇಷ್ಮೆ ಸೀರೆ ಬಳಿದುಕೊಟ್ಟರು. ಅವ್ವ ಜನ್ಮದಲ್ಲಿ ರೇಷ್ಮೆ ಉಟ್ಟವಳಲ್ಲ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ನನಗೆ ಅದರಲ್ಲಿ ಅವ್ವ ಕಾಣಲಿಲ್ಲ. ಇವತ್ತಿಗೂ ಕಾಣುವುದಿಲ್ಲ.

ನನಗೆ ನೌಕರಿ ಸಿಕ್ಕಾಗ ಮೊದಲ ಸಂಬಳದಲ್ಲಿ ಕೊಡ್ಯಾಕ್ ಕೆಬಿ10 ಕ್ಯಾಮೆರಾ ತಗೊಂಡೆ. ಮೊದಲ ರೋಲಿನ 36 ಫೋಟೋದಲ್ಲಿ 30 ನಮ್ಮ ಓಣಿಯ ಹೆಂಗಸರದ್ದು. ನಾನು ಕೂತು ಕಲಿತದ್ದಲ್ಲ, ಯಾರೂ ಕಲಿಸಲಿಲ್ಲ. ಒಬ್ಬೊಬ್ಬರ ಬಾಗಿಲ ಮುಂದೆ ನಿಂತು ತೆಗೆದೆ. ಪ್ರತಿಯೊಬ್ಬರಿಗೂ ಒಂದೊಂದು ಪ್ರಿಂಟು ಹಾಕಿಸಿ ಕೊಟ್ಟೆ. ಈಗಲೂ ಅದನ್ನೇ ಮಾಡುತ್ತೇನೆ. ಶಾಲೆಯ ಮಕ್ಕಳ ತಾಯಂದಿರು, ಹೊಲದಲ್ಲಿ ಹತ್ತಿ ಬಿಡಿಸುವವರು, ಸಂತೆಯಲ್ಲಿ ಕೂತವರು. ಉಟ್ಟ ಸೀರೆಯಲ್ಲೇ ತೆಗೆಯುತ್ತೇನೆ. "ತಡಿ, ಛಲೋ ಸೀರಿ ಉಟ್ಟು ಬರ್ತೀನಿ" ಅಂದರೆ ಅದೂ ಸರಿ, ಕಾಯುತ್ತೇನೆ. ಆದರೆ ಅದು ಅವರದ್ದೇ ಸೀರೆ ಆಗಿರಬೇಕು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ನನಗೆ ಇದನ್ನು ಕೊಟ್ಟದ್ದು ಮನೆಯೇ, ಆದರೆ ಕ್ಯಾಮೆರಾ ಕೊಟ್ಟಲ್ಲ. ಒಂದು ಫೋಟೋ ಇಲ್ಲದ್ದು ನನ್ನನ್ನು ಇಲ್ಲಿಗೆ ತಂದಿತು.

ತೀರ್ಥಹಳ್ಳಿಯವ

ಟೀಚರ್, ಬೇಜಾರು ಮಾಡಿಕೊಳ್ಳುವ ಮಾತೇ ಇಲ್ಲ. ನಾನು ಪ್ರಶ್ನೆ ಕೇಳಿದ್ದೇ ಸ್ವಲ್ಪ ತಪ್ಪಾಗಿತ್ತು. "ಕೊಟ್ಟವರು ಯಾರು" ಅಂತ ಕೇಳಿದಾಗ ಕೊಡುವಷ್ಟು ಇದ್ದ ಮನೆಗಳು ಮಾತ್ರ ನನ್ನ ತಲೆಯಲ್ಲಿದ್ದವು. ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮ ಓಣಿಯ ಆ ಮೂವತ್ತು ಫೋಟೋಗಳ ನೆಗೆಟಿವ್ ಇವೆಯಾ? ದಯವಿಟ್ಟು ಜೋಪಾನ ಮಾಡಿ.

ರಾಯಚೂರಿನ ಟೀಚರ್

ಇವೆ ಸರ್. ಬಿಸ್ಕತ್ತಿನ ಡಬ್ಬಿಯಲ್ಲಿವೆ. ಅದರಲ್ಲಿ ಹನ್ನೊಂದು ಜನ ಈಗಿಲ್ಲ. ಅವರ ಮನೆ ಗೋಡೆಗಳ ಮೇಲೆ ಇರುವುದು ನಾನು ತೆಗೆದ ಫೋಟೋ.

ಬಸವನಗುಡಿ ಹಿರಿಯ

ಹಣದ ವಿಷಯ ಬಂದದ್ದು ಒಳ್ಳೆಯದಾಯಿತು. ಅದನ್ನು ಬಿಟ್ಟು ಈ ಚರ್ಚೆ ಮಾಡಬಾರದು. ನಮ್ಮ ರಾಜ್ಯದಲ್ಲಿ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದವರಲ್ಲಿ ಒಬ್ಬರು ಎಂ.ವೈ. ಘೋರ್ಪಡೆ. ಸಂಡೂರಿನ ರಾಜಮನೆತನ, ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಮಂತ್ರಿ. ಅವರ ಚಿತ್ರಗಳು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಾಲದಲ್ಲಿ ಉದ್ದ ಲೆನ್ಸು, ಜೀಪು, ಕಾಡಿನಲ್ಲಿ ವಾರಗಟ್ಟಲೆ ಇರಲು ಬಿಡುವು, ಇವೆಲ್ಲ ಇದ್ದವರು ಎಷ್ಟು ಜನ?

ನಮ್ಮಂಥವರಿಗೆ ಮನೆಯ ಬದಲು ಒದಗಿದ್ದು ಗುರುಗಳು, ಸಂಘಗಳು. ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರಿಗೆ ಹಕ್ಕಿ ಛಾಯಾಗ್ರಹಣದ ದಾರಿ ತೋರಿಸಿದ್ದು ಓ.ಸಿ. ಎಡ್ವರ್ಡ್ಸ್. ಪೆರುಮಾಳ್ ಆಮೇಲೆ ತಾವು ಎಷ್ಟು ಜನರಿಗೆ ಹೇಳಿಕೊಟ್ಟರು ಅಂತ ಲೆಕ್ಕವಿಲ್ಲ. ಡಾ. ಜಿ. ಥಾಮಸ್ ಬೆಂಗಳೂರಿನಲ್ಲಿದ್ದುಕೊಂಡೇ 1953ರಲ್ಲಿ ದೇಶದ ಛಾಯಾಗ್ರಹಣ ಸಂಘಗಳ ಒಕ್ಕೂಟ ಕಟ್ಟಿದರು. 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಶುರುವಾಯಿತು.

ನಮ್ಮ ತಂದೆಯವರಿಗೆ ಫೋಟೋ ಅಂದರೆ ದುಡ್ಡು ಪೋಲು. ಕೈ ಎತ್ತಿದವರಲ್ಲ, ಆದರೆ ನಾನು ಕ್ಯಾಮೆರಾ ಹಿಡಿದು ಹೊರಟಾಗ ಪೇಪರ್‌ನಿಂದ ತಲೆ ಎತ್ತುತ್ತಿರಲಿಲ್ಲ. ಸಂಘದ ತಿಂಗಳ ಸ್ಪರ್ಧೆಗೆ ನಾಲ್ಕು ಪ್ರಿಂಟು ಒಯ್ದರೆ, ತೀರ್ಪುಗಾರರು ಎಲ್ಲರ ಮುಂದೆ ಅಂಚು ಮುಚ್ಚಿ ತೋರಿಸುತ್ತಿದ್ದರು, "ಇಷ್ಟು ತೆಗೆದರೆ ಚಿತ್ರ ಉಸಿರಾಡುತ್ತೆ" ಅಂತ. ಅಂಥ ಒಂದು ಸಂಜೆ ಮನೆಯ ಎಷ್ಟೋ ವರ್ಷಕ್ಕೆ ಸಮ.

ತಂದೆಯವರು ಹೋದ ಮೇಲೆ ಅವರ ಕಬ್ಬಿಣದ ಪೆಟ್ಟಿಗೆ ತೆಗೆದೆವು. ಎಲ್‌ಐಸಿ ಕಾಗದಗಳ ಕೆಳಗೆ, ಪತ್ರಿಕೆಯಲ್ಲಿ ಅಚ್ಚಾಗಿದ್ದ ನನ್ನ ಮೊದಲ ಚಿತ್ರ ಇತ್ತು. ಕತ್ತರಿಯಿಂದ ನೀಟಾಗಿ ಕತ್ತರಿಸಿ, ತಾರೀಕು ಬರೆದಿಟ್ಟಿದ್ದರು. ನನಗೆ ಒಂದು ಮಾತೂ ಹೇಳಿರಲಿಲ್ಲ.

ಮಡಿಕೇರಿ ಮಳೆ

ಮಧ್ಯದಲ್ಲಿ ಬಂದದ್ದಕ್ಕೆ ಕ್ಷಮಿಸಿ, ಒಂದು ಸಹಾಯ ಬೇಕಿತ್ತು. ತಾತನ ಕಾಲದ ಫೋಟೋಗಳು ಕಟ್ಟು ಹಾಕಿಸಿದವು, ನಮ್ಮ ಮಳೆಗೆ ಗಾಜಿಗೇ ಅಂಟಿಕೊಂಡಿವೆ. ಬಿಡಿಸುವುದು ಹೇಗೆ? ಅವರ ಯಾಶಿಕಾ ಕ್ಯಾಮೆರಾದ ಲೆನ್ಸ್ ಒಳಗೆ ಜೇಡರ ಬಲೆ ಥರ ಬಂದಿದೆ. ಬಿಸಾಡಲು ಮನಸ್ಸಿಲ್ಲ.

ಹುಬ್ಬಳ್ಳಿ ಸ್ಟುಡಿಯೋ ಮಗಳು

ಗಾಜಿಗೆ ಅಂಟಿದ್ದನ್ನು ದಯವಿಟ್ಟು ಎಳೆಯಬೇಡಿ! ಫೋಟೋದ ಮೇಲ್ಪದರ ಜೆಲಟಿನ್. ತೇವಕ್ಕೆ ಮೆತ್ತಗಾಗಿ ಗಾಜಿಗೆ ಹತ್ತಿಕೊಂಡಿರುತ್ತದೆ. ಎಳೆದರೆ ಮುಖವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಕಟ್ಟಿನಿಂದ ಗಾಜು ಸಮೇತ ಹೊರಗೆ ತೆಗೆಯಿರಿ, ಗಾಜಿನ ಹೊರಮೈ ಮಾತ್ರ ಒರೆಸಿ, ಗಾಜಿನ ಮೂಲಕವೇ ಸ್ಕ್ಯಾನ್ ಮಾಡಿಸಿ. ಆಮೇಲೆ ಹೊಸ ಪ್ರಿಂಟು ಹಾಕಿಸಿ ಗೋಡೆಗೆ ಹಾಕಿ. ಹಳೆಯದನ್ನು ಗಾಜಿನ ಸಮೇತ ಒಣ ಜಾಗದಲ್ಲಿಡಿ. ಮುಂದೆ ಕಟ್ಟು ಹಾಕಿಸುವಾಗ ಗಾಜಿಗೂ ಫೋಟೋಗೂ ನಡುವೆ ಸುತ್ತಲೂ ದಪ್ಪ ರಟ್ಟಿನ ಅಂಚು ಕೊಡಲು ಹೇಳಿ.

ಅಂಟು ಹಾಳೆಯ ಆಲ್ಬಂ ಇದ್ದರೆ, ಮೇಲೆ ಪ್ಲಾಸ್ಟಿಕ್ ಮುಚ್ಚುವಂಥದ್ದು, ಅದರಿಂದ ಬೇಗ ಬಿಡಿಸಿ. ಆ ಅಂಟೇ ಫೋಟೋವನ್ನು ಹಳದಿ ಮಾಡುತ್ತದೆ. ಹಲ್ಲು ಉಜ್ಜುವ ಫ್ಲಾಸ್ ದಾರ ಸಿಗುತ್ತದಲ್ಲ, ಅದನ್ನು ಫೋಟೋ ಹಿಂದೆ ಹಾಯಿಸಿ ನಿಧಾನಕ್ಕೆ ಗರಗಸದ ಹಾಗೆ ಎಳೆದರೆ ಬಿಡುತ್ತದೆ. ಬಣ್ಣದ ಪ್ರಿಂಟುಗಳನ್ನು ಮೊದಲು ಸ್ಕ್ಯಾನ್ ಮಾಡಿ. ಅವುಗಳ ಬಣ್ಣ ಕತ್ತಲೆಯಲ್ಲಿಟ್ಟರೂ ಮಾಸುತ್ತದೆ. ಕಪ್ಪು-ಬಿಳುಪಿನದ್ದು ಬೆಳ್ಳಿ, ಚೆನ್ನಾಗಿ ತೊಳೆದಿದ್ದರೆ ನೂರು ವರ್ಷ ಬರುತ್ತದೆ. ನಮ್ಮ ಅಪ್ಪಾ ಅವರು ಹೈಪೋ ಪೂರ್ತಿ ಹೋಗಲಿ ಅಂತ ಹರಿಯುವ ನೀರಿನಲ್ಲಿ ತಾಸುಗಟ್ಟಲೆ ಬಿಡುತ್ತಿದ್ದರು. ನಲ್ಲಿ ನೀರು ಬಾರದ ದಿನ ಬಾವಿಯಿಂದ ಸೇದಿ ಸೇದಿ ಹಾಕುತ್ತಿದ್ದೆವು.

ಬಸವನಗುಡಿ ಹಿರಿಯ

ಲೆನ್ಸಿನೊಳಗಿನದ್ದು ಫಂಗಸ್. ಹೊರಗಿನಿಂದ ಒರೆಸಿ ಪ್ರಯೋಜನವಿಲ್ಲ, ನೀವೇ ಬಿಚ್ಚಲೂ ಹೋಗಬೇಡಿ. ಹಳೇ ಕ್ಯಾಮೆರಾ ರಿಪೇರಿ ಗೊತ್ತಿದ್ದವರ ಕೈಗೆ ಕೊಡಿ. ಶುರುವಿನಲ್ಲಿದ್ದರೆ ಹೋಗುತ್ತದೆ. ಗಾಜಿನ ಲೇಪ ತಿಂದಿದ್ದರೆ ಕಲೆ ಉಳಿಯುತ್ತದೆ, ಆದರೂ ಫೋಟೋ ಬರುತ್ತದೆ. ಚರ್ಮದ ಕೇಸಿನಿಂದ ಈಗಲೇ ಹೊರಗೆ ತೆಗೆಯಿರಿ. ಮಲೆನಾಡು, ಕೊಡಗಿನಲ್ಲಿ ಚರ್ಮದ ಕೇಸು ಅಂದರೆ ಬೂಷ್ಟಿನ ತವರು. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ.

ಮಂಗಳೂರಿನ ಅಮ್ಮ

ನಾನು ಕಲಿಸುವ ಕಡೆಯವಳು, ಕಲಿತವಳಲ್ಲ. ನನ್ನ ಮಗಳಿಗೆ ಒಂಬತ್ತು ವರ್ಷ. ನನ್ನ ಫೋನ್ ತಗೊಂಡು ಒಂದು ಸಂಜೆಗೆ ಇನ್ನೂರು ಫೋಟೋ ತೆಗೆಯುತ್ತಾಳೆ. ಬೆಕ್ಕು, ಅವಳ ಕಾಲು, ಬಲ್ಬು, ಮತ್ತೆ ಬೆಕ್ಕು. ನಾನು ಮೆಮೊರಿ ತುಂಬಿತು ಅಂತ ರಾತ್ರಿ ಅಳಿಸುತ್ತಿದ್ದೆ. ಇದನ್ನೆಲ್ಲ ಓದಿದ ಮೇಲೆ ಅಳಿಸಲು ಕೈ ಬರುತ್ತಿಲ್ಲ. ನಿಮ್ಮ ಹನ್ನೆರಡು ಫೋಟೋದ ಕಾಲ ಅವಳಿಗೆ ಸಿಗುವುದಿಲ್ಲವಲ್ಲ. ನಾನೇನು ಮಾಡಲಿ?

ಮೈಸೂರಿನ ಓದುಗ

ಜ್ಯಾಕ್ ಆನ್ರಿ ಲಾರ್ಟೀಗ್ ಅಂತ ಫ್ರಾನ್ಸಿನ ಛಾಯಾಗ್ರಾಹಕ, 1894ರಲ್ಲಿ ಹುಟ್ಟಿದವರು. ಏಳನೇ ವಯಸ್ಸಿಗೆ ಅಪ್ಪ ಕ್ಯಾಮೆರಾ ಕೊಟ್ಟರು. ಆ ಹುಡುಗ ತೆಗೆದದ್ದು ಏನನ್ನು ಗೊತ್ತಾ? ಮನೆಯ ಬೆಕ್ಕು, ಜಿಗಿಯುವ ಅಣ್ಣ, ಮೆಟ್ಟಿಲಿಂದ ಹಾರುವ ಸೋದರಸಂಬಂಧಿ ಹುಡುಗಿ, ಆಟಿಕೆ ಕಾರು. ಎಲ್ಲವನ್ನೂ ಆಲ್ಬಮ್ಮಿಗೆ ಅಂಟಿಸಿಟ್ಟರು. 1963ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಆ ಚಿತ್ರಗಳ ಪ್ರದರ್ಶನ ಆದಾಗ ಅವರಿಗೆ ಅರವತ್ತೊಂಬತ್ತು ವರ್ಷ. ಅಲ್ಲಿಯವರೆಗೆ ಹೊರಗಿನವರಿಗೆ ಅವರು ಹೆಚ್ಚಾಗಿ ಚಿತ್ರಕಾರ. ಅಂದರೆ ಅಷ್ಟು ವರ್ಷ ಆ ಬೆಕ್ಕುಗಳನ್ನು ಯಾರೂ ಅಳಿಸಲಿಲ್ಲ.

ಇನ್ನೊಂದು ಮಾತು. ಮಗು ಛಾಯಾಗ್ರಾಹಕಿಯೇ ಆಗಬೇಕು ಅಂತಿಲ್ಲ. ಉಮ್ರಾವ್ ಸಿಂಗ್ ಶೇರ್‌ಗಿಲ್ ಸಂಸ್ಕೃತ ಪಂಡಿತರು, ಹೆಂಡತಿ ಮಕ್ಕಳ ಫೋಟೋಗಳನ್ನು ದಶಕಗಳ ಕಾಲ ತೆಗೆದರು. ಅವರ ಮಗಳು ಅಮೃತಾ ಕುಂಚ ಹಿಡಿದರು. ಮೊಮ್ಮಗ ವಿವಾನ್ ಸುಂದರಂ ಅಜ್ಜನ ಫೋಟೋಗಳನ್ನೇ ಕಂಪ್ಯೂಟರಿನಲ್ಲಿ ಬೆಸೆದು ಹೊಸ ಚಿತ್ರಗಳನ್ನು ಮಾಡಿದರು. ನೋಡುವ ಅಭ್ಯಾಸ ಮನೆಯಲ್ಲಿದ್ದರೆ ಅದು ಯಾವ ಕಡೆಯಿಂದಾದರೂ ಹೊರಗೆ ಬರುತ್ತದೆ.

ತೀರ್ಥಹಳ್ಳಿಯವ

ಮೇಡಂ, ಇನ್ನೂರು ತೆಗೆಯಲಿ, ತಡೆಯಬೇಡಿ. ಭಾನುವಾರ ಸಂಜೆ ಅವಳ ಜೊತೆ ಕೂತು ಒಟ್ಟಿಗೆ ನೋಡಿ. ಹನ್ನೆರಡು ಆರಿಸಲು ಹೇಳಿ. ಯಾಕೆ ಆರಿಸಿದೆ ಅಂತ ಕೇಳಿ, ನೀವು ತೀರ್ಪು ಕೊಡಬೇಡಿ. ಆ ಹನ್ನೆರಡರಲ್ಲಿ ಒಂದನ್ನು ಪ್ರಿಂಟು ಹಾಕಿಸಿ. ನಮ್ಮ ಅಪ್ಪಯ್ಯನ ಹತ್ತಿರ ಇದ್ದದ್ದು ಹನ್ನೆರಡು ಫೋಟೋ ಅಲ್ಲ, ಒಂದೊಂದನ್ನೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡುವ ತಾಳ್ಮೆ. ಅದನ್ನು ಇವತ್ತೂ ಕೊಡಬಹುದು ಅಂತ ನನ್ನ ನಂಬಿಕೆ.

ಮಂಗಳೂರಿನ ಅಮ್ಮ

ಖಂಡಿತ ಮಾಡುತ್ತೇನೆ. ನಿಮ್ಮನ್ನು ಒಂದು ಕೇಳಲೇ? ಫೋಟೋ ತೆಗೆಯುತ್ತಿದ್ದದ್ದು ಯಾವಾಗಲೂ ನಿಮ್ಮ ಅಪ್ಪಯ್ಯನೇ ಅಲ್ವಾ. ಹಾಗಾದರೆ ಅವರ ಫೋಟೋ ಇದೆಯಾ? ನಮ್ಮ ಮನೆಯಲ್ಲಿ ಈಗ ನಾನೇ ತೆಗೆಯುವವಳು. ನಾಲ್ಕು ವರ್ಷದ ಪ್ರವಾಸದ ಫೋಟೋಗಳಲ್ಲಿ ನಾನೇ ಇಲ್ಲ. ಅದಕ್ಕೇ ಕೇಳಿದೆ.

ತೀರ್ಥಹಳ್ಳಿಯವ

ಉತ್ತರಕ್ಕೆ ಹತ್ತು ದಿನ ತಡವಾಯಿತು. ನಿಮ್ಮ ಪ್ರಶ್ನೆ ನೋಡಿ ಊರಿಗೆ ಹೋಗಿದ್ದೆ.

ಆಲ್ಬಮ್ಮುಗಳನ್ನೆಲ್ಲ ಜಗಲಿಯ ಮೇಲೆ ಹರಡಿಕೊಂಡು ಕೂತೆ. ಅಜ್ಜಿ, ಅಮ್ಮ, ಅತ್ತೆಯರು, ನಾನು, ತಂಗಿ, ದನಕರು, ಕೊನೆಕೊಯ್ಲು, ಗಾಡಿ ಹಬ್ಬ. ಅಪ್ಪಯ್ಯ ಎಲ್ಲೂ ಇಲ್ಲ. ಮದುವೆಯಲ್ಲಿ ಸ್ಟುಡಿಯೋದವರು ತೆಗೆದ ಒಂದು ಬಿಟ್ಟರೆ ನಡುವಯಸ್ಸಿನ ಅಪ್ಪಯ್ಯನ ಒಂದು ಫೋಟೋವೂ ನಮ್ಮಲ್ಲಿಲ್ಲ. ಅಮ್ಮ ಇದ್ದಾಗ ಒಮ್ಮೆಯಾದರೂ ಅವರ ಕೈಗೆ ಕ್ಯಾಮೆರಾ ಕೊಟ್ಟು "ಅಪ್ಪಯ್ಯನದ್ದು ಒಂದು ತೆಗಿ" ಅಂತ ನಾವು ಯಾರೂ ಹೇಳಲಿಲ್ಲ. ತುಂಬ ಹೊತ್ತು ಸುಮ್ಮನೆ ಕೂತಿದ್ದೆ.

ಆಮೇಲೆ ಉದ್ದ ಪುಸ್ತಕ ಸಿಕ್ಕಿತು. ಫೋಟೋಗಳನ್ನು ಅದರ ಜೊತೆ ಹೊಂದಿಸುತ್ತಾ ಹೋದೆ. "ಅಮ್ಮ, ಬಾವಿಕಟ್ಟೆ, ಬೆಳಿಗ್ಗೆ, ಬಿಸಿಲು." ಆ ಫೋಟೋ ತೆಗೆದು ನೋಡುತ್ತಿದ್ದಾಗ ಕೆಳಗಿನ ಅಂಚಿನಲ್ಲಿ ಕಪ್ಪಗೆ ಏನೋ ಕಂಡಿತು. ಇಷ್ಟು ವರ್ಷ ಅದನ್ನು ಪ್ರಿಂಟಿನ ಕಲೆ ಅಂದುಕೊಂಡಿದ್ದೆ. ಕಲೆ ಅಲ್ಲ. ನೆರಳು. ಅಡಿಕೆ ಹಾಳೆಯ ಟೊಪ್ಪಿ, ಎರಡು ಕಡೆ ಮಡಚಿದ ಮೊಣಕೈ, ನಡುವೆ ಮುಖದ ಹತ್ತಿರ ಸೇರಿದ ಕೈ. ಬಿಸಿಲು ಬೆನ್ನಿಗಿದ್ದರೆ ನೆರಳು ಎಲ್ಲಿಗೆ ಹೋಗುತ್ತದೆ? ಮುಂದೆ ನಿಂತವರ ಕಾಲ ಬುಡಕ್ಕೇ ತಾನೇ.

ಮತ್ತೆ ಎಲ್ಲ ಫೋಟೋ ನೋಡಿದೆ. ಬೆಳಿಗ್ಗೆ, ಸಂಜೆ ತೆಗೆದ ಹದಿನೇಳರಲ್ಲಿ ಅಪ್ಪಯ್ಯ ಇದ್ದಾರೆ. ಒಂದರಲ್ಲಿ ಅವರ ತಲೆಯ ನೆರಳು ನನ್ನ ಪಾದದ ಮೇಲೆ ಬಿದ್ದಿದೆ. ನನಗೆ ಅಲ್ಲಿ ಐದು ವರ್ಷ ಇರಬಹುದು.

ಅಪ್ಪಯ್ಯನಿಗೆ ಈಗ ಎಂಬತ್ತಾರು. ಕಣ್ಣು ಮಂಜಾಗಿದೆ. ಬೆರಳು ಹಿಡಿದು ಒಂದೊಂದು ನೆರಳನ್ನೂ ತೋರಿಸಿದೆ. "ಹೌದಾ, ಬಿದ್ದುಬಿಟ್ಟಿತ್ತಾ" ಅಂದರು, ತಪ್ಪು ಮಾಡಿದವರ ಹಾಗೆ. ಮರುದಿನ ಬೆಳಿಗ್ಗೆ ಅವರನ್ನು ಬಾವಿಕಟ್ಟೆಯ ಹತ್ತಿರ ಕೂರಿಸಿ ಐದು ಹೆಜ್ಜೆ ಹಿಂದೆ ಬಂದೆ. ಅವರು ಕಣ್ಣು ಕಿರಿದು ಮಾಡಿ ನೆಲ ನೋಡಿದರು. "ನಿನ್ನ ನೆರಳು ನಂಗೆ ತಾಗ್ತಾ ಇದೆ ನೋಡು, ಆಚೆ ಸರಿ" ಅಂದರು. ಸರಿಯಲಿಲ್ಲ. ಹಾಗೇ ತೆಗೆದೆ.

ರಾಯಚೂರಿನ ಟೀಚರ್

ಸರ್, ಆ ಹೊಸ ಫೋಟೋ ಪ್ರಿಂಟು ಹಾಕಿಸಿ ಅಪ್ಪಯ್ಯನ ಕೈಗೇ ಕೊಡಿ. ಫೋನಿನಲ್ಲಿ ತೋರಿಸಿ ಬಿಡಬೇಡಿ.

ಹುಬ್ಬಳ್ಳಿ ಸ್ಟುಡಿಯೋ ಮಗಳು

ಹೌದು ಸರ್, ಈ ವಾರವೇ ಹಾಕಿಸಿ. ಹಿಂದುಗಡೆ ಹೆಸರು, ಊರು, ತಾರೀಕು ಬರೆಯಿರಿ. ಮೆತ್ತನೆ ಪೆನ್ಸಿಲ್‌ನಲ್ಲಿ ಬರೆಯಬೇಕು. ಬಾಲ್ ಪೆನ್ ಒತ್ತಿದರೆ ಮುಂದೆ ಮುಖದ ಮೇಲೆ ಗೆರೆ ಮೂಡುತ್ತದೆ. ಪುಸ್ತಕದಲ್ಲೂ ಒಂದು ಸಾಲು ಸೇರಿಸಿ, ಅಪ್ಪಯ್ಯನ ಕೊನೆಯ ಸಾಲಿನ ಕೆಳಗೇ.